ಓದಲು ಬಂದ ರೈತರ ಬೆನ್ನು ಹತ್ತುವ ಕೋಡ್ ನಮಗೇಕೆ?

2024ರ ಫೆಬ್ರವರಿ. ತಿಪಟೂರು ಕಡೆಯ ಹಿರಿಯ ರೈತರೊಬ್ಬರು ಫೋನ್ ಮಾಡಿದ್ದರು. ತೆಂಗಿನ ಕಪ್ಪು ತಲೆ ಹುಳುವಿನ ಬಗ್ಗೆ ನನ್ನ ತೋಟದ ವೆಬ್‌ಸೈಟಿನಲ್ಲಿ ಬರೆದದ್ದನ್ನು ಓದಿ, ತೋಟಗಾರಿಕೆ ಇಲಾಖೆಯ ಪ್ರಯೋಗಾಲಯದಿಂದ ಗೋನಿಯೋಜಸ್ ಪರೋಪಜೀವಿ ತಂದು ತೋಟಕ್ಕೆ ಬಿಟ್ಟಿದ್ದರು. ಥ್ಯಾಂಕ್ಸ್ ಹೇಳೋಕೆ ಮಾಡಿದ ಫೋನ್ ಇರಬೇಕು ಅಂದುಕೊಂಡೆ. ಅವರು ಬೈಯೋಕೆ ಮಾಡಿದ್ದರು.

"ಏನಮ್ಮ, ನಿನ್ ಸೈಟು ಓದಿದ ದಿನದಿಂದ ಫೋನ್ ತೆಗೆದ್ರೆ ಸಾಕು, ಬರೀ ಹುಳದ ಔಷಧಿ ಜಾಹೀರಾತು. ನನ್ ಮಗ ಅದನ್ನ ನೋಡಿ ಒಂದ್ ಬಾಟ್ಲಿ ತರಿಸಿ ಗಿಡ್ಡ ಮರಕ್ಕೆಲ್ಲ ಹೊಡೆದವ್ನೆ. ನೀನೇ ಏನಾದ್ರೂ ನನ್ ನಂಬರ್ ಕೊಟ್ಯಾ?"

ಪರೋಪಜೀವಿ ಬಿಟ್ಟ ತೋಟಕ್ಕೆ ಕೀಟನಾಶಕ ಹೊಡೆದರೆ ಏನಾಗುತ್ತೆ ಅಂತ ಈ ಅಂಕಣ ಓದುವವರಿಗೆ ಹೇಳಬೇಕಾಗಿಲ್ಲ. ಹುಳು ಅರ್ಧ ಉಳಿಯುತ್ತೆ, ಅದನ್ನು ತಿನ್ನೋ ಜೀವ ಪೂರ್ತಿ ಸಾಯುತ್ತೆ. ಇಲಾಖೆಗೆ ಎರಡು ಸಲ ಅಲೆದು ತಂದದ್ದು ನೀರಿನಲ್ಲಿ ಹೋಮ.

"ಇಲ್ಲ ಗೌಡ್ರೆ, ನಾನು ಯಾರಿಗೂ ನಂಬರ್ ಕೊಟ್ಟಿಲ್ಲ" ಅಂದೆ. ನಂಬರ್ ಕೊಟ್ಟಿರಲಿಲ್ಲ ಅನ್ನೋದು ನಿಜವೇ. ಆದರೆ ಆ ರಾತ್ರಿ ಕೂತು ನನ್ನ ವೆಬ್‌ಸೈಟ್ ಬಿಚ್ಚಿ ನೋಡಿದಾಗ, ಕೊಡಬಾರದ್ದು ಬೇರೆ ಏನೋ ಕೊಟ್ಟಿದ್ದೆ ಅಂತ ಗೊತ್ತಾಯ್ತು. ಅದರ ಬಗ್ಗೆಯೇ ಈ ವಾರದ ಬರಹ. ಹುಳ, ಗೊಬ್ಬರ ಬಿಟ್ಟು ಕಂಪ್ಯೂಟರ್ ವಿಷಯ ಯಾಕೆ ಅಂತ ಕೇಳಬೇಡಿ. ಇವತ್ತು ಕೃಷಿ ಸಲಹೆ ಫೋನಿನಲ್ಲೇ ಸಿಗ್ತಿದೆ. ಎಷ್ಟೋ ರೈತರು, ರೈತ ಉತ್ಪಾದಕ ಸಂಘಗಳು, ನರ್ಸರಿಯವರು ಸ್ವಂತ ವೆಬ್‌ಸೈಟ್ ಇಟ್ಟುಕೊಂಡಿದ್ದೀರಿ. ಹಾಗಾಗಿ ಇದು ನಮ್ಮದೇ ವಿಷಯ.

ನಾನು ಹಾಕಿಕೊಂಡಿದ್ದು ಏನು?

ನನ್ನ ವೆಬ್‌ಸೈಟ್ 2019ರದ್ದು. ಗಾಣದ ಕೊಬ್ಬರಿ ಎಣ್ಣೆ, ಕಾಯಿ, ಬೆಲ್ಲ ಮಾರೋಕೆ ಮತ್ತು ನಾನು ಕಲಿತದ್ದನ್ನು ನಾಲ್ಕು ಜನಕ್ಕೆ ಹೇಳೋಕೆ ಅಂತ ಮಾಡಿಸಿದ್ದು. ಮಾಡಿಕೊಟ್ಟ ಸ್ನೇಹಿತ ಎರಡು ತುಣುಕು ಕೋಡ್ ಅಂಟಿಸಿಕೊಟ್ಟ. "ಎಲ್ಲರೂ ಹಾಕ್ತಾರೆ, ಫ್ರೀ" ಅಂದ. ಕಾಂಗ್ರೆಸ್ ಕಳೆ ಅಮೆರಿಕದ ಗೋಧಿ ಜೊತೆ ಬಂತು ಅಂತ ಹೇಳ್ತಾರಲ್ಲ, ಹಾಗೆ ಇದೂ ಬಂತು. ನಾನು ಕೇಳಿರಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

ಒಂದು, ಗೂಗಲ್ ಅನಲಿಟಿಕ್ಸ್. 2005ರಿಂದ ಉಚಿತವಾಗಿ ಸಿಗ್ತಿರೋ ಲೆಕ್ಕದ ಯಂತ್ರ. ಎಷ್ಟು ಜನ ಬಂದರು, ಯಾವ ಊರಿನಿಂದ, ಯಾವ ಫೋನಿನಲ್ಲಿ, ಎಷ್ಟು ಹೊತ್ತು ಓದಿದರು ಅಂತ ತೋರಿಸುತ್ತೆ. ಇನ್ನೊಂದು, ದೊಡ್ಡ ಸಾಮಾಜಿಕ ಜಾಲತಾಣವೊಂದರ 'ಪಿಕ್ಸೆಲ್'. ಅದು ಜಾಹೀರಾತಿಗೆ ಅಂತಲೇ ಇರೋದು. ನನ್ನ ಎಣ್ಣೆಯ ಪುಟ ನೋಡಿ ಕೊಳ್ಳದೆ ಹೋದವರಿಗೆ ಆ ಜಾಲತಾಣದಲ್ಲಿ ಮತ್ತೆ ನನ್ನ ಎಣ್ಣೆ ತೋರಿಸುತ್ತೆ.

ಇದು ಕೆಲಸ ಮಾಡೋ ರೀತಿ ಸರಳ. ನೀವು ನನ್ನ ಪುಟ ತೆರೆದ ಕೂಡಲೇ, ಪುಟದೊಳಗಿನ ಕೋಡ್ ಆ ಕಂಪನಿಯ ಕಂಪ್ಯೂಟರಿಗೆ ಒಂದು ಸುದ್ದಿ ಕಳಿಸುತ್ತೆ. ಯಾವ ಪುಟ, ಎಷ್ಟು ಗಂಟೆಗೆ, ಎಂಥ ಫೋನು, ಯಾವ ಇಂಟರ್ನೆಟ್ ವಿಳಾಸ, ಎಲ್ಲಿಂದ ಬಂದದ್ದು, ಇಷ್ಟು ವಿವರ ಹೋಗುತ್ತೆ. ಜೊತೆಗೆ ನಿಮ್ಮ ಫೋನಿನಲ್ಲಿ 'ಕುಕೀ' ಅಂತ ಒಂದು ಗುರುತಿನ ಚೀಟಿ ಇಡುತ್ತೆ. ಆ ಜಾಲತಾಣದಲ್ಲಿ ನಿಮ್ಮ ಖಾತೆ ಇದ್ದರೆ, ಓದಿದ್ದು ಈ ಖಾತೆಯವರೇ ಅಂತ ಹೆಚ್ಚಿನ ಸಲ ಹೊಂದಿಸಿಕೊಳ್ಳೋಕೆ ಆಗುತ್ತೆ. ಇಷ್ಟಕ್ಕೆಲ್ಲ ಫೋನ್ ನಂಬರ್ ಬೇಕಾಗಿಲ್ಲ.

ಈಗ ನನ್ನ ಪುಟಗಳ ಹೆಸರು ನೋಡಿ: 'ತೆಂಗಿನ ಕಪ್ಪು ತಲೆ ಹುಳು ಹತೋಟಿ', 'ತೆಂಗಿನ ಅಣಬೆ ರೋಗ: ಮೊದಲ ಲಕ್ಷಣಗಳು', 'ಬಿದ್ದ ತೋಟವನ್ನು ಮತ್ತೆ ಕಟ್ಟೋದು ಹೇಗೆ'. ಇಂಥ ಪುಟಗಳನ್ನು ಹೊತ್ತು ಕಳೆಯೋಕೆ ಯಾರೂ ಓದಲ್ಲ. ಓದಿದವರಿಗೆ ತೋಟ ಇದೆ, ತೋಟಕ್ಕೆ ರೋಗ ಬಿದ್ದಿದೆ, ಅವರು ಈ ವಾರದಲ್ಲೇ ಏನಾದರೂ ಮಾಡಬೇಕು ಅಂತ ಒದ್ದಾಡ್ತಿದ್ದಾರೆ ಅಂತ ಅರ್ಥ. ಔಷಧಿ ಮಾರುವವರಿಗೆ ಇದಕ್ಕಿಂತ ಒಳ್ಳೆ ಗಿರಾಕಿ ಸಿಗ್ತಾರಾ?

ಆ ರೈತರಿಗೆ ಬಂದ ಜಾಹೀರಾತು ನನ್ನ ಪುಟದಿಂದಲೇ ಬಂತು ಅಂತ ನಾನು ಸಾಬೀತು ಮಾಡಲಾರೆ. ಅವರ ಮಗ ಬೇರೆ ಕಡೆ ಹುಡುಕಿದ್ದರಿಂದಲೂ ಬಂದಿರಬಹುದು. ಆದರೆ ನನ್ನ ಪುಟ ತೆರೆದ ಪ್ರತಿಯೊಬ್ಬರ ಸುದ್ದಿಯೂ ಹೊರಗೆ ಹೋಗ್ತಿತ್ತು ಅನ್ನೋದನ್ನು ಕಣ್ಣಾರೆ ನೋಡಿದೆ. ವಿಷ ಬೇಡ ಅಂತ ಬರೆದ ಪುಟವೇ ಯಾರಿಗೆ ವಿಷ ಮಾರಬಹುದು ಅನ್ನೋ ಪಟ್ಟಿಗೆ ಹೆಸರು ಸೇರಿಸ್ತಿತ್ತು. ನನಗೆ ಅಷ್ಟು ಸಾಕಾಯ್ತು.

ಇದನ್ನು ಹೀಗೆ ಯೋಚಿಸಿ. ರೋಗ ಬಿದ್ದ ಎಲೆಯನ್ನು ಕವರಿನಲ್ಲಿ ಹಾಕಿಕೊಂಡು ನೀವು ರೈತ ಸಂಪರ್ಕ ಕೇಂದ್ರಕ್ಕೆ ಹೋಗ್ತೀರಿ. ಅಲ್ಲಿನ ಅಧಿಕಾರಿ ನೋಡಿ ಸಲಹೆ ಕೊಡ್ತಾರೆ. ನೀವು ಮೆಟ್ಟಿಲು ಇಳಿಯೋ ಹೊತ್ತಿಗೆ ಪೇಟೆಯ ಔಷಧಿ ಅಂಗಡಿಗೆ ಫೋನ್ ಮಾಡಿ, "ಇಂಥ ಊರಿನವರು ಬರ್ತಾ ಇದ್ದಾರೆ, ಇಂಥ ರೋಗ, ನೋಡ್ಕೊಳ್ಳಿ" ಅಂದರೆ ನಾವು ಸುಮ್ಮನಿರ್ತೀವಾ? ವೆಬ್‌ಸೈಟಿನಲ್ಲಿ ಅದನ್ನೇ ದಿನಾ ಮಾಡಿಕೊಂಡು, 'ಎಲ್ಲರೂ ಹಾಕ್ತಾರೆ' ಅಂತ ಸುಮ್ಮನಿದ್ದೀವಿ.

ಲೆಕ್ಕ ಇಟ್ಟು ನಾನು ಮಾಡಿದ್ದೇನು?

ಕೋಡ್ ತೆಗೀತೀನಿ ಅಂದಾಗ ಸ್ನೇಹಿತ ಕೇಳಿದ ಮೊದಲ ಪ್ರಶ್ನೆ: "ಎಷ್ಟು ಜನ ಓದ್ತಾರೆ ಅಂತ ಹೇಗೆ ಗೊತ್ತಾಗುತ್ತೆ?"

ಒಳ್ಳೆ ಪ್ರಶ್ನೆ. ಉತ್ತರ ಹುಡುಕೋಕೆ ಅನಲಿಟಿಕ್ಸ್ ತೆರೆದೆ. ತೆರೆದರೆ ಅಲ್ಲಿ ಲೆಕ್ಕವೇ ಇಲ್ಲ. ಹಳೆಯ 'ಯೂನಿವರ್ಸಲ್ ಅನಲಿಟಿಕ್ಸ್' ಅನ್ನು ಗೂಗಲ್ 2023ರ ಜುಲೈ 1ಕ್ಕೆ ನಿಲ್ಲಿಸಿತ್ತು. ಹೊಸದಕ್ಕೆ ಬದಲಾಯಿಸಿ ಅಂತ ಮೇಲ್ ಬಂದಿತ್ತು, ನಾನು ಓದಿರಲಿಲ್ಲ. ಅಂದರೆ ಏಳು ತಿಂಗಳು ನನ್ನ ಲೆಕ್ಕದ ಯಂತ್ರ ಸತ್ತಿತ್ತು, ನನಗೆ ಗೊತ್ತೇ ಇರಲಿಲ್ಲ. ಆ ಏಳು ತಿಂಗಳಲ್ಲಿ ಬಿತ್ತನೆ, ಕೊಯ್ಲು, ಮಾರಾಟ ಎಲ್ಲ ನಡೆದಿತ್ತು. ಕೋಡ್ ಮಾತ್ರ ಪ್ರತಿ ಓದುಗರ ಫೋನಿಗೆ ಸುಮ್ಮನೆ ಇಳೀತಾ ಇತ್ತು.

ಅದಕ್ಕೂ ಮುಂಚೆ ನಾಲ್ಕು ವರ್ಷ ಲೆಕ್ಕ ನೋಡಿದ್ದೆನಲ್ಲ, ಅದರಿಂದ ಏನು ನಿರ್ಧಾರ ತಗೊಂಡೆ ಅಂತ ನೆನಪು ಮಾಡಿಕೊಂಡೆ. ಒಂದೇ ಒಂದು ಸಿಕ್ಕಿತು, ಅದೂ ತಪ್ಪು ನಿರ್ಧಾರ. ತಾರಸಿ ತೋಟದ ಬಗ್ಗೆ ಬರೆದ ಒಂದು ಲೇಖನವನ್ನು ಹನ್ನೊಂದು ಸಾವಿರ ಸಲ ತೆರೆದಿದ್ದರು. ಕಪ್ಪು ತಲೆ ಹುಳುವಿನದ್ದನ್ನು ಆರುನೂರು ಸಲವೂ ತೆರೆದಿರಲಿಲ್ಲ. ಅದನ್ನು ನೋಡಿ ಒಂದು ವರ್ಷ ಪೂರ್ತಿ ತಾರಸಿ ತೋಟ, ಕುಂಡದ ಟೊಮ್ಯಾಟೊ ಅಂತಲೇ ಬರೆದೆ. ಆ ಹನ್ನೊಂದು ಸಾವಿರದಲ್ಲಿ ಎಣ್ಣೆ ಕೊಂಡವರು ಬೆರಳೆಣಿಕೆ. ಈ ಕಡೆ ಆರುನೂರರಲ್ಲಿ ನಲವತ್ತಕ್ಕೂ ಹೆಚ್ಚು ಜನ ಫೋನ್ ಮಾಡಿ, ಪರೋಪಜೀವಿ ಎಲ್ಲಿ ಸಿಗುತ್ತೆ ಅಂತ ಕೇಳಿದ್ದರು. ಯಾರಿಗಾಗಿ ಬರೆಯೋಕೆ ಶುರು ಮಾಡಿದ್ದೆನೋ ಅವರನ್ನೇ ಅಂಕಿ ನೋಡಿ ಬಿಟ್ಟಿದ್ದೆ.

ಈಗ ಲೆಕ್ಕ ಬೇಕಾದರೆ ಏನು ಮಾಡ್ತೀನಿ ಅಂತ ಹೇಳ್ತೀನಿ. ವೆಬ್‌ಸೈಟ್ ಇಟ್ಟಿರೋ ಹೋಸ್ಟಿಂಗ್‌ನವರ ಸರ್ವರ್ ತಾನಾಗೇ ಒಂದು ದಾಖಲೆ ಬರೀತಾ ಹೋಗುತ್ತೆ, ಅದಕ್ಕೆ ಲಾಗ್ ಅಂತಾರೆ. ಯಾವ ಪುಟವನ್ನು ಎಷ್ಟು ಸಲ ಕೇಳಿದರು ಅಂತ ಅದರಲ್ಲೇ ಇರುತ್ತೆ. ಹೊರಗಿನವರಿಗೆ ಏನೂ ಹೋಗಲ್ಲ. ಹೋಸ್ಟಿಂಗ್ ಪ್ಯಾನೆಲ್‌ನಲ್ಲಿ ಎಡಬ್ಲ್ಯುಸ್ಟ್ಯಾಟ್ಸ್ ಇದ್ದರೆ ಅದೇ ಲಾಗ್ ಅನ್ನು ಪಟ್ಟಿ ಮಾಡಿ ತೋರಿಸುತ್ತೆ. ಸರ್ಚ್ ಎಂಜಿನ್‌ಗಳ ರೋಬಾಟ್‌ಗಳೂ ಅದರಲ್ಲಿ ಸೇರಿರೋದರಿಂದ ಅಂಕಿ ಸ್ವಲ್ಪ ಒರಟು. ನಡೆಯುತ್ತೆ. ಲಾಗ್‌ನಲ್ಲಿ ಇಂಟರ್ನೆಟ್ ವಿಳಾಸ ಇರೋದರಿಂದ ಅದನ್ನೂ 30 ದಿನಕ್ಕೆ ಅಳಿಸೋ ಹಾಗೆ ಇಟ್ಟಿದ್ದೀನಿ.

ಆ ಲಾಗ್ ನೋಡಿದ ಮೊದಲ ವಾರವೇ ಒಂದು ಲಾಭ ಆಯ್ತು. ಜೀವಾಮೃತದ ಬಗ್ಗೆ ಬರೆದ ಪುಟದ ಹಳೆ ಲಿಂಕ್ ವಾಟ್ಸಾಪ್ ಗುಂಪುಗಳಲ್ಲಿ ಓಡಾಡ್ತಾ ಇತ್ತು. ನಾನು ಪುಟದ ವಿಳಾಸ ಬದಲಾಯಿಸಿದ್ದರಿಂದ ಬಂದವರೆಲ್ಲ 'ಪುಟ ಇಲ್ಲ' ಅಂತ ನೋಡಿ ವಾಪಸ್ ಹೋಗ್ತಿದ್ದರು. ಒಂದು ಸಾಲು ಸೇರಿಸಿದೆ, ಸರಿಹೋಯ್ತು.

ಇನ್ನು ಗಿರಾಕಿಗಳು ಎಲ್ಲಿಂದ ಬರ್ತಾರೆ ಅನ್ನೋ ಲೆಕ್ಕ. ಆರ್ಡರ್ ಕೊಟ್ಟವರಿಗೆ ಫೋನ್ ಮಾಡಿದಾಗ, "ನಮ್ಮ ಎಣ್ಣೆ ವಿಷಯ ಯಾರಿಂದ ಗೊತ್ತಾಯ್ತು?" ಅಂತ ಬಾಯಲ್ಲೇ ಕೇಳಿ ನೋಟ್‌ಬುಕ್‌ನಲ್ಲಿ ಬರ್ಕೋತೀನಿ. ನೆಂಟರು ಹೇಳಿದರು, ಪಕ್ಕದ ಮನೆಯವರು ಕೊಟ್ಟರು, ಮೇಳದಲ್ಲಿ ತಗೊಂಡಿದ್ವಿ ಅನ್ನೋರೇ ಹೆಚ್ಚು. ಯಾವ ಕೋಡಿಗೂ ಇದು ಗೊತ್ತಾಗ್ತಿರಲಿಲ್ಲ.

ತೆಗೆಯೋದು ಹೇಗೆ?

ಮೊದಲು ನೋಡಿ. ಕಂಪ್ಯೂಟರಿನಲ್ಲಿ ಫೈರ್‌ಫಾಕ್ಸ್ ಅಥವಾ ಕ್ರೋಮ್ ತೆರೆದು, ಎಫ್12 ಒತ್ತಿ, 'ನೆಟ್‌ವರ್ಕ್' ಅನ್ನೋ ಕಡೆ ಹೋಗಿ ನಿಮ್ಮ ಪುಟವನ್ನು ಮತ್ತೊಮ್ಮೆ ಲೋಡ್ ಮಾಡಿ. ಪುಟ ಎಲ್ಲೆಲ್ಲಿಗೆ ಮಾತಾಡ್ತಿದೆ ಅಂತ ಸಾಲಾಗಿ ಬರುತ್ತೆ. ನಿಮ್ಮ ವೆಬ್‌ಸೈಟಿನ ಹೆಸರಲ್ಲದೆ ಬೇರೆ ಹೆಸರು ಕಂಡರೆ ಒಂದೊಂದನ್ನೂ ಬರೆದುಕೊಳ್ಳಿ. ನಾನು ಹಾಕಿದ್ದು ಎರಡು ಅಂದುಕೊಂಡಿದ್ದೆ, ಪಟ್ಟಿಯಲ್ಲಿ ಆರು ಹೆಸರು ಇದ್ದವು. ಅನಲಿಟಿಕ್ಸ್, ಪಿಕ್ಸೆಲ್ ಜೊತೆಗೆ ಅಕ್ಷರದ ಫಾಂಟ್, ಪುಟದಲ್ಲಿ ಕೂರಿಸಿದ ವಿಡಿಯೋ, ತೋಟಕ್ಕೆ ದಾರಿ ತೋರಿಸೋ ಮ್ಯಾಪ್, 'ಶೇರ್ ಮಾಡಿ' ಬಟನ್ನು. ಒಂದೊಂದೂ ಹೊರಗಿನಿಂದ ಬರೋದೇ.

ಆಮೇಲೆ ಕೀಳೋ ಕೆಲಸ. ವರ್ಡ್‌ಪ್ರೆಸ್ ಆದರೆ ಕೋಡ್ ಮೂರು ಕಡೆ ಅಡಗಿರಬಹುದು: ಥೀಮ್‌ನ ಹೆಡರ್ ಜಾಗದಲ್ಲಿ, ಹೆಡರ್‌ಗೆ ಕೋಡ್ ಸೇರಿಸೋ ಪ್ಲಗಿನ್‌ನಲ್ಲಿ, ಇಲ್ಲವೇ ಅನಲಿಟಿಕ್ಸ್‌ಗೆ ಅಂತಲೇ ಇರೋ ಪ್ಲಗಿನ್‌ನಲ್ಲಿ. 'ಟ್ಯಾಗ್ ಮ್ಯಾನೇಜರ್' ಅಂತ ಇದ್ದರೆ ಅದು ಗರಿಕೆ ಗೆಡ್ಡೆ ಇದ್ದ ಹಾಗೆ. ಮೇಲಿನದನ್ನು ಎಷ್ಟು ಕಿತ್ತರೂ ಅದರೊಳಗಿಂದ ಮತ್ತೆ ಬರುತ್ತೆ, ಅದನ್ನೇ ತೆಗೀಬೇಕು. ವಿಡಿಯೋ ಕೂರಿಸೋ ಬದಲು ಲಿಂಕ್ ಕೊಟ್ಟೆ. ಮ್ಯಾಪ್ ಬದಲು 'ಬಸ್ ನಿಲ್ದಾಣದಿಂದ ಎಡಕ್ಕೆ' ಅಂತ ನಾಲ್ಕು ಸಾಲು ಬರೆದೆ. ನೋಟೊ ಸಾನ್ಸ್ ಕನ್ನಡ ಫಾಂಟ್ ಮುಕ್ತ ಪರವಾನಗಿಯದ್ದು, ಅದನ್ನು ಇಳಿಸಿ ನನ್ನ ಸರ್ವರ್‌ನಲ್ಲೇ ಇಟ್ಟೆ.

ನಾನು ಎಡವಿದ ಜಾಗ ಹೇಳ್ತೀನಿ, ನೀವು ಎಡವಬೇಡಿ. ಎಲ್ಲ ತೆಗೆದ ಮೇಲೂ ಪುಟದಲ್ಲಿ ಕೋಡ್ ಹಾಗೇ ಕಾಣ್ತಿತ್ತು. ಎರಡು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಗೊತ್ತಾಗಿದ್ದು, ಕ್ಯಾಶ್ ಪ್ಲಗಿನ್ ಹಳೇ ಪುಟದ ನಕಲನ್ನೇ ಓದುಗರಿಗೆ ಕೊಡ್ತಿತ್ತು. ಕ್ಯಾಶ್ ಖಾಲಿ ಮಾಡಿ, ಬೇರೆ ಫೋನಿನಿಂದ ತೆರೆದು ನೋಡಿ, ಆಗ ಮುಗೀತು ಅಂದುಕೊಳ್ಳಿ. ಹಳೆ ಓದುಗರ ಫೋನಿನಲ್ಲಿ ಈಗಾಗಲೇ ಕೂತಿರೋ ಕುಕೀ ಕೂಡಲೇ ಹೋಗಲ್ಲ. ಗೂಗಲ್ ಅನಲಿಟಿಕ್ಸ್ ಇಡುವ ಮುಖ್ಯ ಕುಕೀಗೆ 2 ವರ್ಷ ಆಯಸ್ಸು. ಆದರೆ ನಮ್ಮ ಪುಟದಲ್ಲಿ ಅದನ್ನು ಓದಿ ಆಚೆ ಕಳಿಸೋ ಕೋಡ್ ಇಲ್ಲದ ಮೇಲೆ ಅದು ಸುಮ್ಮನೆ ಬಿದ್ದಿರುತ್ತೆ.

ಇನ್ನೊಂದು ಲಾಭ ನಾನು ಎಣಿಸಿರಲಿಲ್ಲ. ಪುಟ ಬೇಗ ತೆರೆದುಕೊಳ್ಳೋಕೆ ಶುರುವಾಯ್ತು. ಸಾವಿರ ಪದದ ಕನ್ನಡ ಲೇಖನ ಅಂದರೆ ಇಪ್ಪತ್ತು ಮೂವತ್ತು ಕೆಬಿ. ಅದರ ಬೆನ್ನ ಮೇಲೆ ಕೂತ ಕೋಡ್‌ಗಳು ಅದರ ಹಲವು ಪಟ್ಟು ಇದ್ದವು. ತೋಟದೊಳಗೆ ಒಂದು ಕಡ್ಡಿ ಸಿಗ್ನಲ್‌ನಲ್ಲಿ ಓದೋ ರೈತರು ತಮ್ಮ ಡೇಟಾ ಖರ್ಚಿನಲ್ಲೇ ಆ ಹೊರೆ ಹೊರ್ತಿದ್ದರು.

ಕಳಕೊಂಡಿದ್ದೂ ಇದೆ

ಎಲ್ಲ ಲಾಭವೇ ಆಯ್ತು ಅಂದರೆ ಸುಳ್ಳು ಹೇಳಿದ ಹಾಗೆ. ಪಿಕ್ಸೆಲ್ ತೆಗೆದ ಮೇಲೆ ನನ್ನ ಎಣ್ಣೆ ಜಾಹೀರಾತು ಯಾರ್ಯಾರಿಗೋ ಹೋಗೋಕೆ ಶುರುವಾಯ್ತು. ಅದೇ ದುಡ್ಡಿಗೆ ಮೊದಲಿನ ಅರ್ಧದಷ್ಟೂ ಆರ್ಡರ್ ಬರಲಿಲ್ಲ. ಮೂರು ತಿಂಗಳು ನೋಡಿ ಜಾಹೀರಾತನ್ನೇ ನಿಲ್ಲಿಸಿದೆ. ಆ ವರ್ಷ ದೀಪಾವಳಿಗೆ ಹಿಂದಿನ ವರ್ಷಕ್ಕಿಂತ ಎಣ್ಣೆ ಕಡಿಮೆ ಹೋಯ್ತು, ಗಾಣ ಎರಡು ವಾರ ಖಾಲಿ ಕೂತಿತ್ತು. "ಬಾಗಿಲಿಗೆ ಬರೋ ಗಿರಾಕಿನ ಯಾಕಮ್ಮ ಕಳಕೊಳ್ತೀಯ" ಅಂತ ನಮ್ಮ ಮಾವ ಬೇಜಾರು ಮಾಡ್ಕೊಂಡರು. ಅವರ ಮಾತಿನಲ್ಲೂ ನ್ಯಾಯ ಇತ್ತು, ಗಾಣದ ಸಾಲದ ಕಂತು ಅವರ ಹೆಸರಿನಲ್ಲೇ ಇದೆ.

ಹಳೆ ಗಿರಾಕಿಗಳಿಗೆ ಕೇಳಿ, ಒಪ್ಪಿದವರನ್ನು ಮಾತ್ರ ವಾಟ್ಸಾಪ್ ಪಟ್ಟಿಗೆ ಹಾಕಿ, ಎಣ್ಣೆ ತೆಗೆದ ದಿನ ಒಂದು ಮೆಸೇಜ್ ಕಳಿಸ್ತೀನಿ. ಮಾರಾಟ ಈಗ ಸುಮಾರಾಗಿ ಹಿಂದಿನ ಮಟ್ಟಕ್ಕೆ ಬಂದಿದೆ, ಪೂರ್ತಿ ಬಂದಿಲ್ಲ. ಆನ್‌ಲೈನ್ ಜಾಹೀರಾತಿನ ಮೇಲೇ ಬದುಕು ಕಟ್ಟಿಕೊಂಡವರಿಗೆ ನಾಳೆಯೇ ಕಿತ್ತು ಹಾಕಿ ಅಂತ ನಾನು ಹೇಳಲಾರೆ. ಅಂಥವರು ಕೊನೇ ಪಕ್ಷ ಮಾರಾಟದ ಪುಟ ಬೇರೆ, ಸಲಹೆಯ ಪುಟ ಬೇರೆ ಮಾಡಿ. ರೋಗ, ಸಾಲ, ಬೆಳೆ ನಷ್ಟ, ಪರಿಹಾರದ ವಿಷಯ ಇರೋ ಪುಟಗಳಿಂದ ಮೊದಲು ತೆಗೀರಿ. ಬೆಳೆ ಸಾಲದ ಮರುಪಾವತಿ ಬಗ್ಗೆ ಓದಿದವರಿಗೆ ಸಾಲದ ಆ್ಯಪ್‌ನ ಜಾಹೀರಾತು ಬೆನ್ನು ಹತ್ತಿದರೆ ಏನಾಗುತ್ತೆ ಅಂತ ನಮ್ಮ ಊರುಗಳಲ್ಲಿ ಬಿಡಿಸಿ ಹೇಳಬೇಕಾಗಿಲ್ಲ.

ಕಾನೂನು ಏನನ್ನುತ್ತೆ?

ಖಾಸಗಿತನ ಸಂವಿಧಾನದ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ, ಹಂತ ಹಂತವಾಗಿ ಜಾರಿಗೆ ಬರ್ತವೆ.

ಅದರಲ್ಲಿ ನಮಗೆ ಮುಖ್ಯವಾದ ಎರಡು ಮಾತಿವೆ. ಒಪ್ಪಿಗೆ ಕೇಳೋ ಮುಂಚೆ ಏನು ತಗೊಳ್ತೀವಿ, ಯಾಕೆ ಅಂತ ತಿಳಿಸಬೇಕು. ಆ ತಿಳುವಳಿಕೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಬೇಕಾದ್ದರಲ್ಲಿ ಓದೋ ಅವಕಾಶ ಕೊಡಬೇಕು, ಕನ್ನಡವೂ ಅದರಲ್ಲಿದೆ. ಕನ್ನಡದ ಕೃಷಿ ಪುಟದ ಮೇಲೆ ಇಂಗ್ಲಿಷಿನ 'ಅಕ್ಸೆಪ್ಟ್' ಬಟನ್ ಅಂಟಿಸಿ ಕೈ ತೊಳೆದುಕೊಳ್ಳೋ ಕಾಲ ಮುಗಿಯುತ್ತಾ ಬಂತು. ಎರಡನೆಯದು, 18 ವರ್ಷದ ಒಳಗಿನವರನ್ನು ಟ್ರ್ಯಾಕ್ ಮಾಡೋದನ್ನೂ ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸೋದನ್ನೂ ಕಾಯ್ದೆ ಬೇಡ ಅನ್ನುತ್ತೆ. ಹಳ್ಳಿ ಮನೆಗಳಲ್ಲಿ ಎಷ್ಟೋ ಸಲ ಅಪ್ಪನ ತೋಟದ ರೋಗವನ್ನು ಫೋನಿನಲ್ಲಿ ಹುಡುಕಿ ಓದಿ ಹೇಳೋದು ಪಿಯುಸಿ ಓದೋ ಮಗಳು. ಫೋನು ಒಂದೇ, ಓದೋರು ಮೂರು ಜನ. ಪುಟ ತೆರೆದವರು ಯಾರು, ವಯಸ್ಸೆಷ್ಟು ಅಂತ ನಾವು ಎಲ್ಲಿ ಕೇಳ್ತೀವಿ? ಕೋಡೇ ಇಲ್ಲದಿದ್ದರೆ ಈ ತಲೆನೋವೂ ಇಲ್ಲ, ಬಟನ್ನೂ ಬೇಡ.

ನನ್ನ ಕೋರಿಕೆ

ವೆಬ್‌ಸೈಟ್ ಇರೋ ರೈತರು, ಸಂಘಗಳು, ನರ್ಸರಿಯವರು ಈ ವಾರ ಅರ್ಧ ಗಂಟೆ ಬಿಡುವು ಮಾಡಿಕೊಂಡು ಎಫ್12 ಒತ್ತಿ ನೋಡಿ. ವೆಬ್‌ಸೈಟ್ ಮಾಡಿಕೊಟ್ಟವರಿಗೆ ಫೋನ್ ಮಾಡಿ, "ನಮ್ಮ ಪುಟದಲ್ಲಿ ಹೊರಗಿನವರ ಕೋಡ್ ಏನೇನಿದೆ, ಪಟ್ಟಿ ಕೊಡಿ" ಅಂತ ಕೇಳಿ. ಪಟ್ಟಿಯಲ್ಲಿರೋ ಪ್ರತಿಯೊಂದಕ್ಕೂ, ಹೋದ ವರ್ಷ ಇದರಿಂದ ನಾನು ಯಾವ ಕೆಲಸ ಮಾಡಿದೆ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಉತ್ತರ ಬರದಿದ್ದರೆ ಕಿತ್ತು ಹಾಕಿ. ನಾನು ಪ್ರತಿ ವಾರ ಬರೆಯೋ ಈ ಜಾಲತಾಣದ ಸಂಪಾದಕರಿಗೂ ಇದೇ ಮಾತು ಹೇಳಿದ್ದೀನಿ, ಇಲ್ಲಿ ಓದುಗರ ಮುಂದೆ ಇನ್ನೊಂದು ಸಲ ಹೇಳ್ತಿದ್ದೀನಿ.

ಆ ಹಿರಿಯ ರೈತರಿಗೆ ಎಲ್ಲ ತೆಗೆದ ಮೇಲೆ ನಾನೇ ಫೋನ್ ಮಾಡಿ ವಿಷಯ ಹೇಳಿದೆ. ಕುಕೀ, ಪಿಕ್ಸೆಲ್ ಅಂತ ವಿವರಿಸೋಕೆ ಹೊರಟೆ. ಅವರು ಅರ್ಧಕ್ಕೇ ತಡೆದು, "ಅದೆಲ್ಲ ನಂಗೆ ತಿಳಿಯಾಕಿಲ್ಲ. ಈಗ ನಿನ್ ಸೈಟು ಓದಿದ್ರೆ ಯಾರಿಗೂ ಗೊತ್ತಾಗಲ್ಲ ತಾನೆ?" ಅಂದರು. "ನನ್ನ ಕಡೆಯಿಂದ ಗೊತ್ತಾಗಲ್ಲ, ಫೋನ್‌ನಲ್ಲಿ ಬೇರೆ ಕಡೆ ಹುಡುಕಿದ್ರೆ ಅದಕ್ಕೆ ನಾನು ಜವಾಬ್ದಾರಿ ಅಲ್ಲ" ಅಂದೆ. "ಸರಿ ಬಿಡು" ಅಂದರು. ಮಳೆ ಬಂದ ಮೇಲೆ ಹುಳು ಕಡಿಮೆಯಾಗಿದೆಯಂತೆ. ಮುಂದಿನ ಬೇಸಿಗೆಗೆ ಮುಂಚೆ ಮತ್ತೆ ಪರೋಪಜೀವಿ ಬಿಡ್ತೀನಿ, ಈ ಸಲ ಮಗನ ಕೈಗೆ ಬಾಟ್ಲಿ ಕೊಡಲ್ಲ ಅಂತ ಹೇಳಿ ಫೋನ್ ಇಟ್ಟರು.